ಕೂಸಿರುವ ಮನೆಯ ಕೈತೋಟ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ 13ನೆಯ ಶತಮಾನದ ಹೊಯ್ಸಳ ದೇವಾಲಯಗಳು. ಲಕ್ಷ್ಮೀಕೇಶವ ಮತ್ತು ಸೋಮೇಶ್ವರ ಗುಡಿಗಳ ಬಳಪದ ಕಲ್ಲಿನ ಕೆತ್ತನೆಯನ್ನು ನೋಡಿ ಪ್ರವಾಸಿಗರು ಹಿಂದಿರುಗುತ್ತಾರೆ. ನಾವು ಈ ಲೇಖನದಲ್ಲಿ ನೋಡಹೊರಟಿರುವುದು ಅಲ್ಲಿನ ಗುಡಿಗಳನ್ನಲ್ಲ, ಮನೆಗಳ ಹಿತ್ತಲನ್ನು. ಜಿಲ್ಲೆಯ ಪಶ್ಚಿಮದ ಸಕಲೇಶಪುರ ಮಲೆನಾಡಾದರೆ ಅರಸೀಕೆರೆ ಬಯಲುಸೀಮೆ. ಇಲ್ಲಿ ಮಳೆ ಕಡಿಮೆ, ತೆಂಗು ಹೆಚ್ಚು. ಹಿತ್ತಲೆಂದರೆ ನಾಲ್ಕಾರು ತೆಂಗಿನ ಮರ, ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಸುತ್ತ ಕಳ್ಳಿಯ ಅಥವಾ ಕಾಡುಹರಳಿನ ಬೇಲಿ.

ಇಂಥ ಒಂದು ಮನೆಯಲ್ಲಿ ಹತ್ತು ತಿಂಗಳ ಕೂಸು ಮತ್ತು ಎರಡೂವರೆ ವರ್ಷದ ಮಗು ಇವೆ ಎಂದುಕೊಳ್ಳೋಣ. ತಾಯಿಗೆ ಮನೆಮಟ್ಟಿಗೆ ಸೊಪ್ಪು, ತರಕಾರಿ ಬೆಳೆದುಕೊಳ್ಳುವ ಆಸೆ. "ಕೂಸು ಮಣ್ಣು ತಿನ್ನುತ್ತೆ ಕಣಮ್ಮ, ಹಿತ್ತಲಿಗೆ ಬಿಡಬೇಡ" ಎನ್ನುವುದು ಅಜ್ಜಿಯ ಮಾತು. "ನಾವೆಲ್ಲ ಮಣ್ಣಲ್ಲೇ ಬೆಳೆದವರಲ್ವೇ? ಬಿಡು, ಆಡಿಕೊಳ್ಳಲಿ" ಎನ್ನುವುದು ತಾತನ ಮಾತು. ಇವರಲ್ಲಿ ಯಾರು ಸರಿ? ಇದಕ್ಕೆ ಉತ್ತರ ಹುಡುಕಲು ಮಗುವಿನ ಬೆಳವಣಿಗೆ, ಮಣ್ಣಿನ ಜೀವಿಗಳು, ಸಸ್ಯಗಳ ರಸಾಯನ ಇವೆಲ್ಲವನ್ನೂ ಸ್ವಲ್ಪ ಸ್ವಲ್ಪ ತಿಳಿಯಬೇಕಾಗುತ್ತದೆ.

ಎರಡು ಮಕ್ಕಳು, ಎರಡು ಹಂತಗಳು

ಹುಟ್ಟಿದಾಗಿನಿಂದ ಸುಮಾರು ಎರಡು ವರ್ಷದವರೆಗಿನ ಅವಧಿಯನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂದ್ರಿಯ-ಚಲನೆಯ ಹಂತ ಎಂದು ಕರೆದರು. ಈ ಹಂತದಲ್ಲಿ ಮಗು ವಸ್ತುಗಳನ್ನು ಮುಟ್ಟಿ, ಅಲ್ಲಾಡಿಸಿ, ಬಾಯಿಗಿಟ್ಟು ತಿಳಿಯುತ್ತದೆ. ಬಾಯಿಗೆ ಇಡುವುದು ಕೆಟ್ಟ ಅಭ್ಯಾಸವಲ್ಲ, ಅದು ಕಲಿಕೆಯ ವಿಧಾನ. ಆದುದರಿಂದ ಗದರಿಸಿ ಅದನ್ನು ತಡೆಯಲಾಗದು.

ಒಂಬತ್ತು-ಹತ್ತು ತಿಂಗಳ ಹೊತ್ತಿಗೆ ಇನ್ನೊಂದು ಮುಖ್ಯ ಬದಲಾವಣೆಯಾಗುತ್ತದೆ. ಅಲ್ಲಿಯವರೆಗೆ ಇಡೀ ಅಂಗೈಯಿಂದ ಬಾಚಿಕೊಳ್ಳುತ್ತಿದ್ದ ಕೂಸು ಈಗ ಹೆಬ್ಬೆರಳು ಮತ್ತು ತೋರುಬೆರಳನ್ನು ಚಿಮಟದಂತೆ ಬಳಸಿ ಸಣ್ಣ ವಸ್ತುಗಳನ್ನು ಹೆಕ್ಕತೊಡಗುತ್ತದೆ. ಅಂಬೆಗಾಲಿಡುವ ಕಾಲವೂ ಅದೇ. ಎಂದರೆ ನೆಲದ ಮೇಲೆ ಬಿದ್ದ ಬೀಜವನ್ನು ಕಂಡು, ಅದರತ್ತ ಸಾಗಿ, ಹೆಕ್ಕಿ, ಬಾಯಿಗೆ ಹಾಕಿಕೊಳ್ಳುವ ಎಲ್ಲ ಸಾಮರ್ಥ್ಯಗಳೂ ಏಕಕಾಲಕ್ಕೆ ಕೂಡಿಬರುತ್ತವೆ. ಜಗಿಯುವ ದವಡೆ ಹಲ್ಲು ಮಾತ್ರ ಇನ್ನೂ ಬಂದಿರುವುದಿಲ್ಲ. ಶ್ವಾಸನಾಳವೂ ಬಹಳ ಕಿರಿದು. ಕಡಲೆಕಾಯಿ ಬೀಜ, ಹುಣಸೆ ಬೀಜ, ಸೀತಾಫಲದ ಬೀಜ, ಅಡಿಕೆ ಚೂರು ಇವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವುದು ಇದರಿಂದಲೇ.

ಎರಡೂವರೆ ವರ್ಷದ ಮಗುವಿನ ಸ್ಥಿತಿ ಬೇರೆ. ಅದರ ಎತ್ತರ ಸುಮಾರು 90 ಸೆಂ.ಮೀ. ಕೈ ಎತ್ತಿದರೆ ಒಂದು ಮೀಟರಿಗಿಂತ ಮೇಲಿನದೂ ಎಟಕುತ್ತದೆ. ಓಡುತ್ತದೆ, ಹತ್ತುತ್ತದೆ, ಚಿಲಕ ತೆಗೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡವರನ್ನು ಅನುಕರಿಸುತ್ತದೆ. ಅಮ್ಮ ಕೂಸಿಗೆ ಉಣಿಸುವುದನ್ನು ನೋಡಿದ ಮಗು ತಾನೂ ಒಂದು ಕಾಯಿಯನ್ನೋ ಬೀಜವನ್ನೋ ತಂದು ಪ್ರೀತಿಯಿಂದಲೇ ಕೂಸಿನ ಬಾಯಿಗೆ ಇಡಬಹುದು.

ಎರಡು ಪುಟ್ಟ ಮಕ್ಕಳಿರುವ ಮನೆಯಲ್ಲಿ ಗಮನಿಸಬೇಕಾದ ವಿಶೇಷ ಇದು. ಕೂಸೊಂದೇ ಇದ್ದರೆ ಅದರ ಕೈಗೆಟುಕುವ ಒಂದೆರಡು ಅಡಿ ಎತ್ತರದವರೆಗೆ ಎಚ್ಚರವಹಿಸಿದರೆ ಸಾಕು. ಜೊತೆಗೆ ದೊಡ್ಡ ಮಗುವೂ ಇದ್ದರೆ, ಅದರ ಕೈಗೆ ಎಟಕಿದ್ದೆಲ್ಲ ಕೂಸಿನ ಬಾಯಿಗೂ ಎಟಕಿತೆಂದೇ ಲೆಕ್ಕ. ಆದ್ದರಿಂದ ಕೈತೋಟವನ್ನು ದೊಡ್ಡ ಮಗುವಿನ ಕೈ ಮತ್ತು ಚಿಕ್ಕ ಮಗುವಿನ ಬಾಯಿ ಇವೆರಡನ್ನೂ ಸೇರಿಸಿ ಯೋಜಿಸಬೇಕು.

ಮಣ್ಣು ಒಳ್ಳೆಯದೆ, ಕೆಟ್ಟದ್ದೆ?

ತಾತನ ಮಾತಿಗೆ ಆಧಾರವಿದೆ. ಬಾಲ್ಯದಲ್ಲಿ ಸೂಕ್ಷ್ಮಜೀವಿಗಳ ಸಂಪರ್ಕ ಕಡಿಮೆಯಾದುದೇ ಅಲರ್ಜಿ ರೋಗಗಳು ಹೆಚ್ಚಲು ಕಾರಣವಿರಬಹುದು ಎಂಬ ವಿಚಾರವನ್ನು ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್ 1989ರಲ್ಲಿ ಮಂಡಿಸಿದರು. 2020ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವರು ಕೆಲವು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಹೊದಿಕೆ, ಹುಲ್ಲು ಮತ್ತು ಗಿಡ ನೆಡುವ ಪೆಟ್ಟಿಗೆಗಳನ್ನು ತಂದಿಟ್ಟರು. ಅಲ್ಲಿ ಆಡಿದ 3ರಿಂದ 5 ವರ್ಷದ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ 28 ದಿನಗಳಲ್ಲೇ ಹೆಚ್ಚಿತು. ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಕೆಲವು ಅಂಶಗಳಲ್ಲೂ ಅನುಕೂಲಕರ ಬದಲಾವಣೆ ರಕ್ತದಲ್ಲಿ ಕಂಡಿತು.

ಅಜ್ಜಿಯ ಮಾತಿಗೂ ಆಧಾರವಿದೆ. ಮಲ ಸೇರಿದ ಮಣ್ಣಿನಲ್ಲಿ ದುಂಡುಹುಳುವಿನ ಮೊಟ್ಟೆಗಳು ಎರಡು-ಮೂರು ವಾರಗಳಲ್ಲಿ ಸೋಂಕುಂಟುಮಾಡುವಷ್ಟು ಬಲಿತು, ಬಹುಕಾಲ ಜೀವಂತವಾಗಿರುತ್ತವೆ. ಅವು ಬಾಯಿಯ ಮೂಲಕ ದೇಹ ಸೇರುತ್ತವೆ. ಕೊಕ್ಕೆಹುಳುವಿನ ಮರಿಗಳು ತೇವವಿರುವ, ನೆರಳಿನ, ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆದು ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಗುತ್ತವೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ರಕ್ತಹೀನತೆ ಉಂಟಾಗುತ್ತದೆ. ನಾಯಿಯ ಹಿಕ್ಕೆಯಿಂದ ಬೇರೊಂದು ಬಗೆಯ ಜಂತುವಿನ ಮೊಟ್ಟೆಗಳು ಮಣ್ಣು ಸೇರಬಹುದು. ಧನುರ್ವಾಯು ತರುವ ಬ್ಯಾಕ್ಟೀರಿಯಗಳ ಬೀಜಕಗಳು ಮಣ್ಣು ಮತ್ತು ಸಗಣಿಯಲ್ಲಿ ಸಾಮಾನ್ಯ.

ಎಂದರೆ ಪ್ರಶ್ನೆ ಮಣ್ಣಿನದಲ್ಲ, ಮಣ್ಣಿಗೆ ಏನು ಸೇರಿದೆ ಎಂಬುದರದು. ಆದ್ದರಿಂದ ಮಕ್ಕಳಿಗೆಂದೇ ಒಂದು ಪಾತಿಯನ್ನು ಪ್ರತ್ಯೇಕಿಸಬೇಕು. ನಾಲ್ಕು ಕಡೆ ಇಟ್ಟಿಗೆಯೋ ಕಲ್ಲೋ ಇಟ್ಟು, ನೆಲಕ್ಕಿಂತ ಒಂದಡಿ ಎತ್ತರಿಸಿ, ನಾಯಿ, ಬೆಕ್ಕು, ಕೋಳಿ ಬಾರದಂತೆ ಬಲೆ ಕಟ್ಟಬೇಕು. ಬಿಸಿಲು ಬೀಳುವ ಜಾಗವೇ ಇರಲಿ. ಹಸಿ ಸಗಣಿಯನ್ನಾಗಲಿ, ತಿಪ್ಪೆಯಿಂದ ನೇರವಾಗಿ ತೆಗೆದ ಗೊಬ್ಬರವನ್ನಾಗಲಿ ಇದಕ್ಕೆ ಹಾಕಬಾರದು. ಪೂರ್ಣವಾಗಿ ಕಳಿತು, ಪುಡಿಯಾಗಿ, ಮಣ್ಣಿನ ವಾಸನೆ ಬರುವ ಗೊಬ್ಬರವನ್ನೇ ಬಳಸಬೇಕು. ತೆಂಗಿನ ಸೀಮೆಯಾದ್ದರಿಂದ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಆದರೆ ಅದರಲ್ಲಿ ಲವಣಾಂಶವಿರುವುದರಿಂದ ಎರಡು-ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ, ಅನಂತರ ಮಣ್ಣಿಗೆ ಬೆರೆಸಬೇಕು.

ಉಳಿದ ನಿಯಮಗಳು ಸರಳ. ದೊಡ್ಡ ಮಗುವಿನ ಕಾಲಿಗೆ ಚಪ್ಪಲಿ, ಕೂಸಿಗೆ ಕೂರಲು ಚಾಪೆ, ಒಳಗೆ ಬಂದ ಕೂಡಲೇ ಸೋಪಿನಿಂದ ಕೈತೊಳೆತ. ಲಸಿಕೆಗಳು ಕಾಲಕ್ಕೆ ಸರಿಯಾಗಿ ಆಗಿರಬೇಕು. ಧನುರ್ವಾಯುವಿನ ರಕ್ಷಣೆ 6, 10, 14 ವಾರಗಳ ಪೆಂಟಾವೇಲೆಂಟ್ ಲಸಿಕೆಯಲ್ಲೂ, 16-24 ತಿಂಗಳಿನ ಡಿಪಿಟಿ ವರ್ಧಕದಲ್ಲೂ ಅಡಕವಾಗಿದೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳಿಗೆ 200 ಮಿ.ಗ್ರಾಂ, ಅದಕ್ಕೂ ದೊಡ್ಡವರಿಗೆ 400 ಮಿ.ಗ್ರಾಂ ಆಲ್ಬೆಂಡಜೋಲ್ ಕೊಡುತ್ತಾರೆ. ಒಂದು ವರ್ಷ ತುಂಬದ ಕೂಸಿಗೆ ಕೊಡುವುದಿಲ್ಲ. ಅಂಥ ಕೂಸಿಗೆ ಸ್ವಚ್ಛತೆಯೇ ರಕ್ಷಣೆ.

ಬೇಲಿಯ ಗಿಡಗಳ ರಸಾಯನ

ಗಿಡಗಳು ಓಡಲಾರವು. ಮೇಯುವ ಪ್ರಾಣಿ, ಕೀಟಗಳಿಂದ ಉಳಿಯಲು ಅನೇಕ ಸಸ್ಯಗಳು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತವೆ. ದನ ಮೇಯದ ಗಿಡವನ್ನೇ ನಾವು ಬೇಲಿಗೆ ಆರಿಸುವುದರಿಂದ ಮನೆಯ ಸುತ್ತ ವಿಷಸಸ್ಯಗಳೇ ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಮುಖ್ಯವಾದವು ಇವು:

1. ಕಣಗಿಲೆ ಮತ್ತು ಹಳದಿ ಕಣಗಿಲೆ: ಪೂಜೆಯ ಹೂವಿಗಾಗಿ ಬೆಳೆಸುವ ಇವುಗಳ ಎಲ್ಲ ಭಾಗಗಳೂ ವಿಷಕಾರಿ. ಇವುಗಳಲ್ಲಿನ ಗ್ಲೈಕೋಸೈಡುಗಳು ಹೃದಯದ ಸ್ನಾಯುಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುತ್ತವೆ. ಹೃದಯದ ಬಡಿತ ಲಯ ತಪ್ಪುತ್ತದೆ. ಹಳದಿ ಕಣಗಿಲೆಯ ಬೀಜ ವಿಶೇಷವಾಗಿ ಅಪಾಯಕಾರಿ.

2. ಹರಳು ಮತ್ತು ಗುಲಗಂಜಿ: ಹರಳಿನ ರೈಸಿನ್, ಗುಲಗಂಜಿಯ ಏಬ್ರಿನ್ ಇವೆರಡೂ ಜೀವಕೋಶದ ರೈಬೋಸೋಮುಗಳನ್ನು ಕೆಡಿಸಿ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತವೆ. ಗಟ್ಟಿ ಸಿಪ್ಪೆಯ ಬೀಜವನ್ನು ಇಡಿಯಾಗಿ ನುಂಗಿದರೆ ಅಪಾಯ ಕಡಿಮೆ, ಅಗಿದರೆ ಹೆಚ್ಚು. ಕೂಸಿಗಿಂತ ಹಲ್ಲು ಬಂದ ದೊಡ್ಡ ಮಗುವಿಗೆ ಇದು ಹೆಚ್ಚಿನ ಅಪಾಯ.

3. ಕಾಡುಹರಳು: ಜಟ್ರೋಫ ಎಂಬ ಹೆಸರಿನಲ್ಲಿ ಜೈವಿಕ ಇಂಧನದ ಬೆಳೆಯಾಗಿ ಪ್ರಚಾರ ಪಡೆದ ಗಿಡ. ಬೀಜದ ರುಚಿ ಹಿತವಾಗಿರುವುದರಿಂದ ಮಕ್ಕಳು ತಿನ್ನುವುದುಂಟು. ವಾಂತಿ, ಭೇದಿ ತೀವ್ರವಾಗಿ ದೇಹದ ನೀರು ಆರುತ್ತದೆ.

4. ಉಮ್ಮತ್ತಿ: ತಿಪ್ಪೆಯ ಬಳಿ ತಾನಾಗಿ ಬೆಳೆಯುತ್ತದೆ. ಅಟ್ರೋಪಿನ್ ಮತ್ತು ಸ್ಕೊಪೊಲಮಿನ್ ಎಂಬ ಆಲ್ಕಲಾಯ್ಡುಗಳಿಂದ ಬಾಯಿ ಒಣಗಿ, ಪಾಪೆ ಹಿಗ್ಗಿ, ಮೈ ಬಿಸಿಯಾಗಿ, ಮಗು ಭ್ರಮೆಗೊಳಗಾಗುತ್ತದೆ.

5. ಎಕ್ಕ ಮತ್ತು ಕಳ್ಳಿ: ಇವುಗಳ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ. ಕಣ್ಣಿನ ಪಾರದರ್ಶಕ ಪಟಲಕ್ಕೆ ಹಾನಿಯಾಗಬಹುದು.

6. ಕೆಸು, ಡೈಫೆನ್‌ಬಾಕಿಯ ಮುಂತಾದವು: ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ನಾಲಿಗೆ, ಗಂಟಲಿಗೆ ಚುಚ್ಚಿಕೊಂಡು ಬಾವು ಬರಿಸುತ್ತವೆ. ಕುಂಡದ ಅಲಂಕಾರ ಸಸ್ಯಗಳಲ್ಲಿ ಇವು ಸಾಮಾನ್ಯ.

ಇವನ್ನೆಲ್ಲ ಕಿತ್ತುಹಾಕಬೇಕೆ? ಮಕ್ಕಳು ಆಡುವ ಜಾಗದಿಂದ ಹೌದು. ಪೂಜೆಗೆ ದಾಸವಾಳ, ಮಲ್ಲಿಗೆ, ಕನಕಾಂಬರ, ಸೇವಂತಿಗೆ ಇವೆ. ಹಳೆಯ ಬೇಲಿ ತೆಗೆಯಲಾಗದಿದ್ದರೆ ಅದಕ್ಕೂ ಮಕ್ಕಳಿಗೂ ನಡುವೆ ಇನ್ನೊಂದು ತಡೆ ಕಟ್ಟಬೇಕು. ಕಳ್ಳಿ ಕಡಿಯುವಾಗ ಮಕ್ಕಳು ಒಳಗಿರಲಿ.

ಔಷಧದ ಬಾಟಲಿ

60 ಕಿ.ಗ್ರಾಂ ತೂಕದ ವಯಸ್ಕರು ಮತ್ತು 10 ಕಿ.ಗ್ರಾಂ ತೂಕದ ಮಗು ಒಂದೇ ಪ್ರಮಾಣದ ವಿಷ ಸೇವಿಸಿದರೆ, ಪ್ರತಿ ಕಿ.ಗ್ರಾಂ ತೂಕಕ್ಕೆ ಮಗುವಿನ ಪಾಲು ಆರು ಪಟ್ಟು. ಆದ್ದರಿಂದ ಕೂಸಿರುವ ಮನೆಯ ಕೈತೋಟಕ್ಕೆ ರಾಸಾಯನಿಕ ಕೀಟನಾಶಕ ಬೇಡವೇ ಬೇಡ. ಹೊಲಕ್ಕೆ ತಂದದ್ದು ಉಳಿದಿದ್ದರೆ ಮೂಲ ಡಬ್ಬಿಯಲ್ಲೇ, ಬೀಗದೊಳಗೆ ಇರಬೇಕು. ನೀರಿನ ಬಾಟಲಿಗೋ ಎಣ್ಣೆ ಡಬ್ಬಿಗೋ ಸುರಿದಿಡುವುದು, ಖಾಲಿ ಡಬ್ಬಿಯನ್ನು ಅಡುಗೆಮನೆಗೆ ತರುವುದು ಎರಡೂ ಮಾರಕ. 2013ರ ಜುಲೈಯಲ್ಲಿ ಬಿಹಾರದ ಗಂಡಾಮನ್ ಶಾಲೆಯಲ್ಲಿ ಮಾನೊಕ್ರೊಟೊಫಾಸ್ ಬೆರೆತ ಮಧ್ಯಾಹ್ನದ ಊಟದಿಂದ 23 ಮಕ್ಕಳು ಸತ್ತರು.

ಇಲ್ಲೊಂದು ಕುತೂಹಲದ ಅಂಶವಿದೆ. ಮಾನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟುಗಳು ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆ ನರವಾಹಕ ರಾಶಿಗೊಂಡು ಪಾಪೆ ಕುಗ್ಗುತ್ತದೆ, ಜೊಲ್ಲು ಸುರಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಉಮ್ಮತ್ತಿಯ ಅಟ್ರೋಪಿನ್ ಅದೇ ಅಸಿಟೈಲ್‌ಕೋಲಿನ್ನಿನ ಕೆಲಸವನ್ನು ತಡೆಯುವುದರಿಂದ ಲಕ್ಷಣಗಳು ತದ್ವಿರುದ್ಧ. ಕೀಟನಾಶಕ ಸೇವಿಸಿದವರಿಗೆ ಆಸ್ಪತ್ರೆಯಲ್ಲಿ ಶುದ್ಧ ಅಟ್ರೋಪಿನ್ ಅನ್ನು ಅಳತೆ ಮಾಡಿ ಕೊಡುವುದು ಈ ಕಾರಣಕ್ಕೆ. ಇದು ವೈದ್ಯರು ಮಾತ್ರ ಮಾಡಬಹುದಾದ ಚಿಕಿತ್ಸೆ.

'ಬೇವಿನೆಣ್ಣೆ ನಿರಪಾಯ' ಎಂಬ ನಂಬಿಕೆಯಿದೆ. ಗಿಡಕ್ಕೆ ಸಿಂಪಡಿಸಲು ಅದು ಒಳ್ಳೆಯದೇ. ಆದರೆ ಶಿಶುಗಳಿಗೆ ಕೆಲವೇ ಮಿ.ಲೀ. ಬೇವಿನೆಣ್ಣೆ ಕುಡಿಸಿದಾಗ ವಾಂತಿ, ಮಂಪರು, ಸೆಳವು ಬಂದು ಮಿದುಳಿಗೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಸಸ್ಯಜನ್ಯವೆಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನಲಾಗದು. ಅದರ ಸೀಸೆಯೂ ಬೀಗದೊಳಗೇ ಇರಲಿ.

ನೀರು ಮತ್ತು ತೆಂಗಿನ ನೆರಳು

ನವಜಾತ ಶಿಶುವಿನ ತಲೆ ದೇಹದ ಉದ್ದದ ಕಾಲುಭಾಗ, ವಯಸ್ಕರಲ್ಲಿ ಸುಮಾರು ಎಂಟನೇ ಒಂದು ಭಾಗ. ಎರಡು ವರ್ಷದಲ್ಲೂ ಮಗುವಿನ ಗುರುತ್ವಕೇಂದ್ರ ಮೇಲೆಯೇ ಇರುತ್ತದೆ. ಬಕೆಟ್ಟಿನೊಳಗೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು, ಕೂಗಲೂ ಆಗದು. ಕೆಲವೇ ಸೆಂ.ಮೀ. ನೀರು ಸಾಕು. ಗಿಡಕ್ಕೆ ನೀರು ಹಾಕಿದ ಮೇಲೆ ಬಕೆಟ್ ಬೋರಲು ಹಾಕಬೇಕು. ತೊಟ್ಟಿಗೆ ಗಟ್ಟಿ ಮುಚ್ಚಳ ಬೇಕು.

ಇದೇ ಕೆಲಸದಿಂದ ಇನ್ನೊಂದು ಲಾಭವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು ಒಂದು ವಾರ, ಹತ್ತು ದಿನಗಳಲ್ಲಿ ಹೊಸ ಪೀಳಿಗೆ ಹಾರುತ್ತದೆ. ಕುಂಡದ ಕೆಳಗಿನ ತಟ್ಟೆ, ಎಳನೀರು ಬುರುಡೆ, ತೆಂಗಿನ ಚಿಪ್ಪು ಇವುಗಳಲ್ಲಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಈ ಚಕ್ರ ತುಂಡಾಗುತ್ತದೆ.

ತೆಂಗಿನ ನೆರಳು ತಂಪೆಂದು ಕೂಸನ್ನು ಅಲ್ಲಿ ಮಲಗಿಸುವುದುಂಟು. 15 ಮೀಟರ್ ಎತ್ತರದಿಂದ ಬೀಳುವ ಕಾಯಿ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 17 ಮೀಟರ್, ಎಂದರೆ ಗಂಟೆಗೆ 60 ಕಿ.ಮೀ. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಒಣಗರಿಯೂ ಹಗುರವೇನಲ್ಲ. ಕೂಸಿನ ಚಾಪೆ ನುಗ್ಗೆಯ ನೆರಳಿಗೋ ಜಗುಲಿಗೋ ಹೋಗಲಿ.

ಏನು ಬೆಳೆಯಬೇಕು?

ಇಷ್ಟೆಲ್ಲ ಎಚ್ಚರಿಕೆ ಬೇಕಾದರೆ ಕೈತೋಟದ ಗೊಡವೆಯೇ ಏಕೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ನಮ್ಮ ಕಲ್ಪನೆಯ ಮನೆಯ ಎರಡೂ ಮಕ್ಕಳು ಈ ವಯೋಮಾನದವರೇ. ಆರು ತಿಂಗಳ ನಂತರ ಎದೆಹಾಲಿನಿಂದಷ್ಟೇ ಕೂಸಿನ ಕಬ್ಬಿಣದ ಅಗತ್ಯ ಪೂರೈಸದು. ಎದೆಹಾಲಿನೊಂದಿಗೆ ಮೆತ್ತಗಿನ ಪೂರಕ ಆಹಾರ ಬೇಕು.

ಆದ್ದರಿಂದ ನೆಲದಿಂದ ಒಂದು ಮೀಟರ್ ಮೇಲಿನವರೆಗೆ, ಅಂದರೆ ಮಕ್ಕಳ ಕೈಗೆ ಎಟಕುವ ವಲಯದಲ್ಲಿ, ಎಲೆ ಹರಿದು ಬಾಯಿಗಿಟ್ಟರೂ ಚಿಂತೆಯಿಲ್ಲದ ಗಿಡಗಳನ್ನೇ ಬೆಳೆಯಬೇಕು: ಹರಿವೆ, ದಂಟು, ಮೆಂತ್ಯ, ಕೊತ್ತಂಬರಿ, ಬಸಳೆ, ದೊಡ್ಡಪತ್ರೆ. ಅದಕ್ಕೂ ಮೇಲಿನ ವಲಯಕ್ಕೆ ನುಗ್ಗೆ, ಪಪ್ಪಾಯಿ, ಕರಿಬೇವು. ಮೆಣಸಿನ ಗಿಡ ಮಾತ್ರ ಬಲೆಯ ಆಚೆ ಇರಲಿ. ಅದರ ಕ್ಯಾಪ್ಸೇಸಿನ್ ಶಾಖವನ್ನು ಗ್ರಹಿಸುವ ನರತುದಿಗಳನ್ನೇ ಕೆರಳಿಸುವುದರಿಂದ ಮುಟ್ಟಿದ ಕೈ ಕಣ್ಣಿಗೆ ಹೋದರೆ ಸುಟ್ಟಂತಾಗುತ್ತದೆ.

ಬಯಲುಸೀಮೆಗೆ ನುಗ್ಗೆ ಹೇಳಿ ಮಾಡಿಸಿದ ಮರ. ಬೇರೂರಿದ ಮೇಲೆ ನೀರು ಕೇಳುವುದು ಕಡಿಮೆ. ಅದರ ಸೊಪ್ಪಿನಲ್ಲಿ ಬೀಟಾ ಕೆರೋಟಿನ್ ಅದೇ ತೂಕದ ಕ್ಯಾರೆಟ್ಟಿಗಿಂತ ಹೆಚ್ಚು. ದೇಹ ಇದನ್ನು ವಿಟಮಿನ್ 'ಎ' ಆಗಿ ಪರಿವರ್ತಿಸಿಕೊಳ್ಳುತ್ತದೆ. ಬೀಟಾ ಕೆರೋಟಿನ್ ಕೊಬ್ಬಿನಲ್ಲಿ ಕರಗುವುದರಿಂದ ಸೊಪ್ಪಿಗೆ ಅರ್ಧ ಚಮಚ ತುಪ್ಪವೋ ಸ್ವಲ್ಪ ತೆಂಗಿನ ಹಾಲೋ ಸೇರಬೇಕು. ಸೊಪ್ಪಿನ ಕಬ್ಬಿಣ ಸುಲಭವಾಗಿ ಹೀರಲ್ಪಡುವುದಿಲ್ಲ. ಬೇಯಿಸಿ ಇಳಿಸಿದ ಮೇಲೆ ಹಿಂಡಿದ ನಿಂಬೆರಸದ ವಿಟಮಿನ್ 'ಸಿ' ಫೆರಿಕ್ ಕಬ್ಬಿಣವನ್ನು ಫೆರಸ್ ರೂಪಕ್ಕೆ ತಂದು ಕರುಳಿಗೆ ನೆರವಾಗುತ್ತದೆ. ಚೆನ್ನಾಗಿ ತೊಳೆದು ಬೇಯಿಸಿದ ಸೊಪ್ಪನ್ನು ಹೆಸರುಬೇಳೆ-ಅನ್ನದೊಂದಿಗೆ ನುರಿದು ಕೂಸಿಗೆ ಕೊಡಬಹುದು. ಅದೇ ಸೊಪ್ಪು ಸಾರಾಗಿ ದೊಡ್ಡ ಮಗುವಿನ ಮುದ್ದೆಯ ಜೊತೆಗೆ ಬಂದೀತು. ಕೈತೋಟದ ಸೊಪ್ಪು ಪೂರಕ ಮಾತ್ರ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಔಷಧವನ್ನು ಇದಕ್ಕಾಗಿ ಬಿಡಬಾರದು.

ಮಗುವಿನ ಪಾಲಿನ ಕೆಲಸ

ಎರಡೂವರೆ ವರ್ಷದ ಮಗುವಿಗೆ 'ನಾಳೆ' ಎಂಬುದೇ ದೂರ. ಆದ್ದರಿಂದ ಬೇಗ ಫಲ ಕಾಣುವ ಬೆಳೆ ಬೇಕು. ಹೆಸರುಕಾಳು, ಮೆಂತ್ಯ, ರಾಗಿ ಎರಡು-ನಾಲ್ಕು ದಿನಗಳಲ್ಲಿ ಮೊಳೆಯುತ್ತವೆ. ಹರಿವೆ ಒಂದು ತಿಂಗಳಿನಲ್ಲಿ ಕೊಯ್ಲಿಗೆ ಬರುತ್ತದೆ. ಬಿತ್ತುವ ಬೀಜವನ್ನು ದೊಡ್ಡವರೇ ಎಣಿಸಿ ಕೊಟ್ಟು, ಎಣಿಸಿ ಮುಗಿಸಬೇಕು. ಅಂಗಡಿಯ ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದಾದ್ದರಿಂದ ಮಗುವಿನ ಕೈಗೆ ಅಡುಗೆಮನೆಯ ಕಾಳನ್ನೇ ಕೊಡಬೇಕು. ಸಣ್ಣ ಚೊಂಬಿನಿಂದ ನೀರು ಹಾಕುವುದು, ಉದುರಿದ ಎಲೆ ಆರಿಸುವುದು, ಸೊಪ್ಪು ಚಿವುಟುವುದು ಮಗುವಿನ ಕೆಲಸಗಳು. ಕುಡುಗೋಲು, ಗುದ್ದಲಿಯ ಕೆಲಸಕ್ಕೆ ಮಕ್ಕಳು ನಿದ್ದೆ ಮಾಡುವ ಹೊತ್ತೇ ಸರಿ. ಕೈಯಲ್ಲಿ ಹತಾರವಿರುವಾಗ ಎರಡು ಮಕ್ಕಳನ್ನು ಒಬ್ಬರೇ ಗಮನಿಸುವುದು ಅಸಾಧ್ಯ.

ಅವಘಡವಾದರೆ

ವಿಷಸಸ್ಯ ತಿಂದ ಶಂಕೆಯಿದ್ದರೆ ಬಾಯಲ್ಲಿ ಉಳಿದುದನ್ನು ತೆಗೆದು, ಗಿಡದ ತುಂಡು ಅಥವಾ ಬೀಜವನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಆಂಬುಲೆನ್ಸಿಗೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಕಣ್ಣಿಗೆ ಕಳ್ಳಿಹಾಲು ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಉಸಿರುಕಟ್ಟಿ ಅಳಲೂ ಕೆಮ್ಮಲೂ ಆಗದ ಕೂಸನ್ನು ತಲೆ ತಗ್ಗಿನಲ್ಲಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲೆ ಹೆಗಲುಗಳ ನಡುವೆ ಐದು ಬಾರಿ ತಟ್ಟಬೇಕು. ವಸ್ತು ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ತೂರಿಸಬಾರದು.

ಶಿಕ್ಷಕರಿಗೆ ಒಂದು ಚಟುವಟಿಕೆ

ವಿದ್ಯಾರ್ಥಿಗಳು ತಮ್ಮ ಹಿತ್ತಲಿನಲ್ಲಿ ಮಂಡಿಯೂರಿ, ಎರಡಡಿ ಎತ್ತರದಿಂದ ಸುತ್ತ ನೋಡಲಿ. ಕಿರುಬೆರಳಿನ ತುದಿಗಿಂತ ಸಣ್ಣದಾದ ಯಾವ ವಸ್ತುಗಳು ನೆಲದಲ್ಲಿವೆ? ಒಂದು ಮೀಟರ್ ಎತ್ತರದೊಳಗೆ ಯಾವ ಯಾವ ಗಿಡಗಳ ಎಲೆ, ಕಾಯಿ ಎಟಕುತ್ತವೆ? ನೀರು ಎಲ್ಲೆಲ್ಲಿ ನಿಂತಿದೆ? ಮೂರು ಪಟ್ಟಿ ಮಾಡಿ, ಗಿಡಗಳನ್ನು 'ತಿನ್ನಬಹುದಾದ', 'ವಿಷವುಳ್ಳ', 'ಗೊತ್ತಿಲ್ಲದ' ಎಂದು ವಿಂಗಡಿಸಲಿ. ಗೊತ್ತಿಲ್ಲದ ಗಿಡದ ಎಲೆ, ಹೂ ಇರುವ ಒಂದು ರೆಂಬೆಯನ್ನು ಶಾಲೆಗೆ ತಂದು ಗುರುತಿಸಬಹುದು. ಶಾಲೆಯಲ್ಲೂ ತಿಳಿಯದಿದ್ದರೆ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ವಿದ್ಯಾರ್ಥಿಯ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಆ ಪಟ್ಟಿಯನ್ನು ಮೊದಲು ಮನೆಯವರಿಗೆ ಓದಿ ಹೇಳಲಿ.

ಈಗ ಅಜ್ಜಿ, ತಾತನ ಚರ್ಚೆಗೆ ಮರಳೋಣ. ಮಣ್ಣಿನಲ್ಲಿ ಆಡುವುದು ಒಳ್ಳೆಯದೆಂಬ ತಾತನ ಮಾತು ನಿಜ, ಎಲ್ಲ ಮಣ್ಣೂ ಒಂದೇ ಅಲ್ಲವೆಂಬ ಅಜ್ಜಿಯ ಅಳುಕೂ ನಿಜ. ಇಟ್ಟಿಗೆ ಕಟ್ಟಿದ ಒಂದು ಪಾತಿ, ಬೋರಲು ಹಾಕಿದ ಬಕೆಟ್, ಬೀಗ ಹಾಕಿದ ಒಂದು ಕಪಾಟು ಮತ್ತು ಒಂದು ಸೋಪು ಇಷ್ಟಾದರೆ, ಬೆಳಗಿನ ಎಳೆಬಿಸಿಲಿನಲ್ಲಿ ಕಾಲು ಗಂಟೆ ಇಬ್ಬರೂ ಮಕ್ಕಳನ್ನು ಹಿತ್ತಲಿಗೆ ಕರೆದೊಯ್ಯಲು ಅಜ್ಜಿಯೂ ಒಪ್ಪಬಹುದು.